ಹೆಸರಿನಲ್ಲಿ ಅರಸು ಮನೆತನ, ಬಾಯಲ್ಲಿ ಅರಸೊತ್ತಿಗೆ ಬೇಡವೆಂಬ ಮಾತು: ಚಾಂದೋರಿನ ಮಿನೇಜಸ್ ಬ್ರಗಾಂಝಾ

ಲೋಂಡಾದಿಂದ ಕ್ಯಾಸಲ್‌ರಾಕ್ ಘಟ್ಟ ಇಳಿದು ಮಡಗಾಂವಕ್ಕೆ ಹೋಗುವ ರೈಲುದಾರಿ ನಮ್ಮ ಗಡಿಭಾಗದ ರೈತರಿಗೂ ವ್ಯಾಪಾರಸ್ಥರಿಗೂ ಹೊಸದೇನಲ್ಲ. ಕುಳೆ, ಸಾವರ್ಡೆ ದಾಟಿ ಇನ್ನೇನು ಮಡಗಾಂವ ಬಂತು ಅನ್ನುವಷ್ಟರಲ್ಲಿ ಚಾಂದೋರ್ ಎಂಬ ಸಣ್ಣ ಸ್ಟೇಶನ್ ಸಿಗುತ್ತದೆ. ಎಷ್ಟೋ ವರ್ಷ ನಾನೂ ಆ ಬೋರ್ಡು ಓದಿ, ಚೀಲ ಸರಿಮಾಡಿಕೊಂಡು, ಮಡಗಾಂವದಲ್ಲಿ ಇಳಿಯುವ ತಯಾರಿ ಮಾಡಿದವನೇ. ಈ ಊರಲ್ಲಿ ಇಳಿದು ನೋಡಬೇಕು ಅನ್ನಿಸಿದ್ದು ಒಂದು ವಾದದಿಂದ.

ವಾದ ನಡೆದದ್ದು ಅಡತಿ ಅಂಗಡಿಯ ಗಾದಿಯ ಮೇಲೆ. ಮಳೆಗಾಲ, ಘಟ್ಟದಲ್ಲಿ ಲಾರಿ ಸಿಕ್ಕಿಬಿದ್ದಿತ್ತು. ಕುಂತ ಮಂದಿಗೆ ಮಾತಿಗೇನು ಬರ? ರಾಜರ ಕಾಲವೇ ಚಲೋ ಇತ್ತು, ಒಬ್ಬನ ಮಾತು ನಡೀತಿತ್ತು, ಐದು ವರ್ಷಕ್ಕೊಮ್ಮೆ ಕೈಮುಗಿಯುವ ನಾಟಕ ಇರಲಿಲ್ಲ ಅಂತ ಹಿರಿಯರೊಬ್ಬರು ತೆಗೆದರು. ನಾನು ಅದು ಹೆಂಗ್ರೀ ಕಾಕಾ ಅಂದೆ. ಅವರು ಮರುಪ್ರಶ್ನೆ ಹಾಕಿದರು: ಅಪ್ಪನ ಹೊಲ ಮಗನಿಗೆ ಬರೋದು ನ್ಯಾಯ ಅಂದಮೇಲೆ, ಅಪ್ಪನ ಗಾದಿ ಮಗನಿಗೆ ಬರೋದು ಯಾಕ ಅನ್ಯಾಯ? ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಲಾರಿ ಬಂತು, ಮಾತು ಅಲ್ಲಿಗೇ ನಿಂತಿತು. ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು.

ಉತ್ತರ ಹುಡುಕುತ್ತ ಹೋದಾಗ ಸಿಕ್ಕವರೇ ಚಾಂದೋರಿನ ಲೂಯಿಸ್ ದ ಮಿನೇಜಸ್ ಬ್ರಗಾಂಝಾ. ಗೋವೆಯ ಪತ್ರಿಕಾಲೋಕದ ಹಿರಿಯರು. ಪಣಜಿಯ ಮಿನೇಜಸ್ ಬ್ರಗಾಂಝಾ ಸಂಸ್ಥೆ ಇವರ ಹೆಸರಿನದೇ. ಹುಟ್ಟಿದ್ದು 1878ರ ಜನವರಿ 15ರಂದು, ತೀರಿಕೊಂಡದ್ದು 1938ರ ಜುಲೈ 10ರಂದು. ಅರವತ್ತು ವರ್ಷದ ಈ ಬದುಕಿನಲ್ಲಿ ಅವರು ಅರಸೊತ್ತಿಗೆ ಬೇಡ ಅಂತ ವಾದಿಸಿದರು, ಅದು ಹೋಗಿದ್ದನ್ನು ಕಣ್ಣಾರೆ ಕಂಡರು, ಹೋದಮೇಲೂ ಕೆಲಸ ಮುಗಿಯಲಿಲ್ಲ ಎಂಬುದನ್ನೂ ಕಂಡರು. ಈ ಕಡೆಯ ಮಾತೇ ಎಲ್ಲಕ್ಕಿಂತ ಮುಖ್ಯ ಅಂತ ನನಗೆ ಅನ್ನಿಸಿದೆ.

ಕದಂಬರ ಊರಲ್ಲಿ ಬ್ರಗಾಂಝಾ ಮನೆ

ಚಾಂದೋರ್ ಅಂದರೆ ಹಳೆಯ ಚಂದ್ರಪುರ. ಗೋವೆಯ ಕದಂಬರು ಗೋಪಕಪಟ್ಟಣಕ್ಕೆ ಹೋಗುವ ಮೊದಲು ಇಲ್ಲಿಂದಲೇ ಆಳಿದರು. ನಮ್ಮ ಖಾನಾಪುರ ತಾಲೂಕಿನ ಹಲಸಿಯ ಜೊತೆ ಅದೇ ಕದಂಬರಿಗೆ ನಂಟಿತ್ತು ಎಂಬುದು ಓದುಗರಿಗೆ ಗೊತ್ತಿದ್ದದ್ದೇ. ಅಂಥ ರಾಜಧಾನಿ ಈಗ ತೆಂಗು, ಗದ್ದೆ, ಚರ್ಚು ಇರುವ ಒಂದು ಹಳ್ಳಿ. ಅರಸುತನ ಎಷ್ಟು ದಿನದ್ದು ಅಂತ ಬೇರೆ ಯಾರೂ ಹೇಳಬೇಕಾಗಿಲ್ಲ, ಆ ಊರಲ್ಲಿ ಒಂದು ಸುತ್ತು ಹಾಕಿದರೆ ಸಾಕು.

ಚರ್ಚಿನ ಎದುರಿನ ಬಯಲಿಗೆ ಮುಖ ಮಾಡಿ ಉದ್ದಕ್ಕೂ ಚಾಚಿಕೊಂಡ ಒಂದು ದೊಡ್ಡ ಮನೆ ಇದೆ. ಹೊರಗಿನಿಂದ ಒಂದೇ ಮನೆ, ಒಳಗೆ ಎರಡು ಭಾಗ. ಒಂದು ಬ್ರಗಾಂಝಾ ಪಿರೇರಾ ಅವರದು, ಇನ್ನೊಂದು ಮಿನೇಜಸ್ ಬ್ರಗಾಂಝಾ ಅವರದು. ನಮ್ಮ ಕಡೆ ಅಣ್ಣತಮ್ಮಂದಿರ ವಾಟಣಿಯಾದ ವಾಡೆಯ ಹಾಗೆಯೇ ಅನ್ನಿ. ದೊಡ್ಡ ದೊಡ್ಡ ಕಿಟಕಿ, ಗಾಜಿನ ತೂಗುದೀಪ, ಚೀನಾದ ಪಿಂಗಾಣಿ. ಇವೆಲ್ಲಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಮಿನೇಜಸ್ ಬ್ರಗಾಂಝಾ ಅವರ ಭಾಗದಲ್ಲಿರುವ ಪುಸ್ತಕಗಳ ಕಪಾಟುಗಳು. ಸಾವಿರಾರು ಪುಸ್ತಕ. ಗೋವೆಯಲ್ಲಿ ಖಾಸಗಿಯವರ ಮನೆಯಲ್ಲಿರುವ ದೊಡ್ಡ ಗ್ರಂಥಸಂಗ್ರಹಗಳಲ್ಲಿ ಇದೂ ಒಂದು.

ಈಗ ಹೆಸರಿನ ಮಾತಿಗೆ ಬರೋಣ. 1640ರಿಂದ 1910ರವರೆಗೆ, ಅಂದರೆ 270 ವರ್ಷ, ಪೋರ್ತುಗಾಲವನ್ನು ಆಳಿದ ಅರಸು ಮನೆತನದ ಹೆಸರೂ ಬ್ರಗಾಂಝಾ ಎಂದೇ. ರಕ್ತಸಂಬಂಧವೇನಲ್ಲ. ಮತಾಂತರವಾದ ಗೋವೆಯ ದೊಡ್ಡ ಮನೆತನಗಳು ಪೋರ್ತುಗೀಜರ ಅಡ್ಡಹೆಸರು ಇಟ್ಟುಕೊಂಡವು, ಅದರಲ್ಲಿ ಈ ಮನೆಗೆ ಬಂದದ್ದು ಅರಸರ ಹೆಸರು. ನೂರಾರು ಎಕರೆಯ ಭಾಟಕಾರರ ಮನೆ, ಅದರ ಮೇಲೆ ರಾಜರ ಹೆಸರು. ಇಂಥ ಮನೆಯಲ್ಲಿ ಹುಟ್ಟಿದವನು ರಾಜನ ಪರ ಮಾತಾಡಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಆದರೆ ಲೂಯಿಸ್ ಉಲ್ಟಾ ದಾರಿ ಹಿಡಿದರು.

ಹುಟ್ಟಿದ ವರ್ಷವೇ ಉಪ್ಪಿನ ಕರಾರು

ಅವರು ಹುಟ್ಟಿದ 1878ರ ಡಿಸೆಂಬರಿನಲ್ಲಿ ಪೋರ್ತುಗೀಜ ಮತ್ತು ಬ್ರಿಟಿಷ್ ಸರಕಾರಗಳ ನಡುವೆ ಒಂದು ಕರಾರಾಯಿತು. ನಾವು ಈಗ ಹತ್ತುವ ರೈಲಿನ ಮೂಲವೂ ಅದೇ ಕರಾರು. ಮುರಗಾಂವ ಬಂದರಿನಿಂದ ಘಟ್ಟ ಹತ್ತುವ ರೈಲು 1880ರ ದಶಕದಲ್ಲಿ ಬಂತು. ಆದರೆ ಅದಕ್ಕೆ ತೆತ್ತ ಬೆಲೆ ಗೋವೆಯ ಉಪ್ಪು. ಉಪ್ಪಿನ ಉತ್ಪಾದನೆ, ಮಾರಾಟದ ಹಿಡಿತವನ್ನು ಬ್ರಿಟಿಷರ ಕೈಗೆ ಕೊಟ್ಟರು. ಬದಲಿಗೆ ಗೋವೆಯ ಖಜಾನೆಗೆ ವರ್ಷಕ್ಕೆ 4 ಲಕ್ಷ ರೂಪಾಯಿ. ಅಲ್ಲಿಯವರೆಗೆ ಗೋವೆಯ ಉಪ್ಪು ಹೇರು ಎತ್ತುಗಳ ಮೇಲೆ ಘಟ್ಟ ಹತ್ತಿ ನಮ್ಮ ಸಂತೆಗಳಿಗೆ ಬರುತ್ತಿತ್ತು, ಇಲ್ಲಿಯ ಕಾಳುಕಡಿ ಕೆಳಗೆ ಹೋಗುತ್ತಿತ್ತು. ಕರಾರು ಜಾರಿಗೆ ಬಂದದ್ದು 1880ರಲ್ಲಿ, 1892ರ ಹೊತ್ತಿಗೆ ಮುಗಿದೂ ಹೋಯಿತು. ಅಷ್ಟರಲ್ಲಿ ಉಪ್ಪಿನ ಆಗರದವರಿಗೆ ಬಿದ್ದ ಪೆಟ್ಟು ಬಿದ್ದಾಗಿತ್ತು.

ಇಲ್ಲಿ ವ್ಯಾಪಾರಸ್ಥರು ಒಂದು ಮಾತು ಗಮನಿಸಬೇಕು. ಮಾಲು ಗೋವೆಯವರದು, ಬೆವರು ಗೋವೆಯವರದು, ವ್ಯವಹಾರ ಕುದುರಿಸಿದವರು ಮಾತ್ರ ಎರಡು ದೂರದ ಸಿಂಹಾಸನಗಳ ಹೆಸರಿನಲ್ಲಿ ಸಹಿ ಹಾಕುವವರು. ಆಗರದ ಕೂಲಿಯನ್ನು ಯಾರಾದರೂ ಕೇಳಿದರೇ? ಇಲ್ಲ.

ಲೂಯಿಸ್ ಕಲಿತದ್ದು ರಾಯಚೂರಿನ ಸೆಮಿನರಿಯಲ್ಲಿ, ಆಮೇಲೆ ಪಣಜಿಯ ಲಿಸಿಯಮ್ಮಿನಲ್ಲಿ. ರಾಯಚೂರು ಅಂದರೆ ನಮ್ಮ ಹಟ್ಟಿ ಚಿನ್ನದ ಗಣಿಯ ಜಿಲ್ಲೆಯಲ್ಲ, ಸಾಸಷ್ಟಿಯಲ್ಲಿರುವ ರಾಶೋಲ್ ಎಂಬ ಊರು. ಗೋವೆಯವರು ಅದನ್ನು ರಾಯತೂರ್ ಅಂತಲೂ ಕರೆಯುತ್ತಾರೆ. ಅವರಿಗೆ 17 ವರ್ಷವಾಗಿದ್ದಾಗ, 1895ರಲ್ಲಿ, ಸೈನಿಕರ ದಂಗೆಯ ಜೊತೆ ನಮ್ಮ ಗಡಿಗೆ ಅಂಟಿದ ಸತ್ತರಿಯ ರಾಣೆಯವರೂ ಎದ್ದರು. ಅದನ್ನು ಅಡಗಿಸಲು ಪೋರ್ತುಗಾಲದಿಂದ ದಂಡು ಬಂತು. ದಂಡಿನ ಜೊತೆ ಬಂದವನು ರಾಜ ಕಾರ್ಲೋಸನ ಖಾಸಾ ತಮ್ಮ, ರಾಜಕುಮಾರ ಅಫೋನ್ಸೊ. ಆತನಿಗೇ ಗೋವೆಯ ವೈಸರಾಯ್ ಪದವಿಯೂ ಬಂತು. ಅನುಭವ ಕೇಳಿದವರಿಲ್ಲ, ಊರಿನ ಭಾಷೆ ಬರುತ್ತದೋ ಕೇಳಿದವರಿಲ್ಲ. ಅರಸನ ತಮ್ಮ, ಅಷ್ಟು ಸಾಕು.

ಹೊಲ ಬೇರೆ, ಗಾದಿ ಬೇರೆ

1900ರಲ್ಲಿ ಮೆಸಿಯಸ್ ಗೋಮಿಸ್ ಅವರ ಜೊತೆ ಸೇರಿ ಲೂಯಿಸ್ ಓ ಹೆರಾಲ್ಡೊ ಎಂಬ ಪತ್ರಿಕೆಯನ್ನು ಹೊರತಂದರು. ಗೋವೆಯಲ್ಲಿ ಪೋರ್ತುಗೀಜ ಭಾಷೆಯ ಮೊದಲ ದಿನಪತ್ರಿಕೆ ಅದು. 1983ರಲ್ಲಿ ಇಂಗ್ಲಿಷಿಗೆ ತಿರುಗಿದ ಮೇಲೂ ಗೋವೆಯಲ್ಲಿ ಮನೆಮಾತಾಗಿರುವ ಹೆರಾಲ್ಡ್ ಅದೇ ಪತ್ರಿಕೆ. 22 ವರ್ಷದ ತರುಣ, ಕೈಯಲ್ಲಿ ಲೇಖನಿ. ಚರ್ಚಿನ ದೊಡ್ಡವರನ್ನೂ ಬಿಡಲಿಲ್ಲ, ಸರಕಾರವನ್ನೂ ಬಿಡಲಿಲ್ಲ, ಜಾತಿಯ ಹಮ್ಮನ್ನೂ ಬಿಡಲಿಲ್ಲ. ಕ್ರೈಸ್ತರ ಮನೆಯಲ್ಲಿ ಹುಟ್ಟಿಯೂ ಹಿಂದೂಗಳಿಗೆ ಸಮಾನ ಹಕ್ಕು ಬೇಕೆಂದರು. ರಾಜಕೀಯದಲ್ಲಿ ಅವರು ಗಣರಾಜ್ಯವಾದಿ. ಅರಸು ಹೋಗಬೇಕು, ಪ್ರಜೆಗಳ ಸರಕಾರ ಬರಬೇಕು ಎಂಬ ಕಡೆಯವರು.

ಅವರ ಕಡೆಯವರ ವಾದವನ್ನು ನಾನು ನಮ್ಮ ಬಜಾರದ ಮಾತಿನಲ್ಲೇ ಹೇಳುತ್ತೇನೆ. ಕಾಕಾನ ಪ್ರಶ್ನೆಗೂ ಉತ್ತರ ಅದರಲ್ಲಿಯೇ ಇದೆ.

ಅಪ್ಪನ ಹೊಲ ಮಗನಿಗೆ ಬರುತ್ತದೆ, ಖರೆ. ಉತಾರದಲ್ಲಿ ಹೆಸರು ಏರುತ್ತದೆ. ಯಾಕೆಂದರೆ ಹೊಲ ಆಸ್ತಿ. ಮಗ ದಡ್ಡನಾದರೆ ಹಾಳಾಗುವುದು ಅವನ ಹೊಲ, ಅವನ ಮನೆ. ಆದರೆ ರಾಜ್ಯ ಅಂದರೆ ಮಂದಿ. ಮಂದಿಯನ್ನು ಉತಾರದಲ್ಲಿ ಏರಿಸಲಿಕ್ಕೆ ಬರುತ್ತದೆಯೇ? ಅರಸೊತ್ತಿಗೆಯ ಮೂಲದೋಷ ಇಲ್ಲಿಯೇ ಇದೆ. ಅದು ಮಂದಿಯನ್ನು ವಾರಸಾ ಆಸ್ತಿಯ ಲೆಕ್ಕಕ್ಕೆ ಹಿಡಿಯುತ್ತದೆ. ಒಮ್ಮೆ ಆಸ್ತಿ ಅಂತಾದರೆ ದಾನ ಕೊಡಬಹುದು, ಬಳುವಳಿ ಕೊಡಬಹುದು, ಒತ್ತೆ ಇಡಬಹುದು.

ಇದು ಬರೀ ಮಾತಲ್ಲ, ನಡೆದದ್ದು. 1661ರಲ್ಲಿ ಇದೇ ಬ್ರಗಾಂಝಾ ಅರಸು ಮನೆತನದ ಕನ್ಯೆ ಕಾತರೀನಾಳನ್ನು ಇಂಗ್ಲೆಂಡಿನ ರಾಜ 2ನೇ ಚಾರ್ಲ್ಸನಿಗೆ ಕೊಡುವಾಗ ಮುಂಬಯಿಯನ್ನು ವರದಕ್ಷಿಣೆಯಾಗಿ ಬರೆದುಕೊಟ್ಟರು. ಆ ಅಳಿಯ 1668ರಲ್ಲಿ ಅದನ್ನು ವರ್ಷಕ್ಕೆ 10 ಪೌಂಡಿನ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ. ಮುಂಬಯಿಯ ಕೋಳಿಗಳಿಗೆ, ಭಂಡಾರಿಗಳಿಗೆ ತಾವು ಮದುವೆಯ ಬಳುವಳಿಯಾದದ್ದು ಗೊತ್ತೇ ಇರಲಿಲ್ಲ.

ದೂರದ ಮಾತು ಬೇಡ ಅಂದರೆ ನಮ್ಮ ಸೋದೆಯನ್ನೇ ನೋಡಿರಿ. 1763-64ರಲ್ಲಿ ಹೈದರಾಲಿಯ ದಂಡು ಸಿರ್ಸಿ ಸೀಮೆಯ ಸೋದೆಯನ್ನು ಹಿಡಿದಾಗ ಅಲ್ಲಿಯ ಕನ್ನಡ ಅರಸು ಪರಿವಾರ ಸಮೇತ ಗೋವೆಗೆ ಓಡಿದ. ಘಟ್ಟದ ಕೆಳಗಿನ ತನ್ನ ಸೀಮೆಯನ್ನು ಪೋರ್ತುಗೀಜರ ರಕ್ಷಣೆಗೆ ಒಪ್ಪಿಸಿದ. 1791ರಲ್ಲಿ ಅದಕ್ಕೆ ಕಾಯಮ್ಮಾಗಿ ಮೊಹರು ಬಿತ್ತು. ಅರಸು ಮನೆತನಕ್ಕೆ ಪೋರ್ತುಗೀಜರಿಂದ ಪಿಂಚಣಿ, ಫೋಂಡಾದ ಹತ್ತಿರ ವಾಸ. ಫೋಂಡಾ, ಸಾಂಗೇ, ಕೇಪೆ, ಕಾಣಕೋಣದ ರೈತರು ಯಾವ ಯುದ್ಧವನ್ನೂ ಸೋಲದೆ ಬೇರೊಬ್ಬ ರಾಜನ ಪ್ರಜೆಗಳಾದರು. ಗುಡಿಗಳನ್ನು ಉಳಿಸಿಕೊಡುವ ಮಾತನ್ನು ಸೋದೆಯವರು ಹಿಡಿದು ಮಾಡಿಸಿಕೊಂಡರು ಎಂಬುದೂ ಅಷ್ಟೇ ಖರೆ, ಅವರನ್ನು ಪೂರಾ ದೂರುವುದು ನ್ಯಾಯವಲ್ಲ. ಆದರೂ ಊರು ಕೊಟ್ಟವರು ಊರಿನವರನ್ನು ಕೇಳಲಿಲ್ಲ.

ಇನ್ನು ದುಡ್ಡಿನ ವಿಷಯ. 1906-07ರಲ್ಲಿ ಪೋರ್ತುಗಾಲದಲ್ಲಿ ದೊಡ್ಡ ಗದ್ದಲವೆದ್ದಿತು. ಪಾರ್ಲಿಮೆಂಟು ಮಂಜೂರು ಮಾಡಿದ್ದಕ್ಕಿಂತ ಹೆಚ್ಚಿನ ಹಣವನ್ನು ಅರಮನೆ ಸರಕಾರಿ ಖಜಾನೆಯಿಂದ ಮುಂಗಡವೆಂದು ಎತ್ತಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಗಲ್ಲೆಗೆ ಕೈ ಹಾಕಿದ್ದು ಖರೆ, ಕಿರ್ದಿಯಲ್ಲಿ ಸರಿಯಾದ ಲೆಕ್ಕ ಇಲ್ಲ. ಅಂಗಡಿಯ ಗುಮಾಸ್ತ ಹೀಗೆ ಮಾಡಿದರೆ ಸಂಜೆಯೊಳಗೆ ಮನೆಗೆ ಕಳಿಸುತ್ತೇವೆ. ಗುಮಾಸ್ತನನ್ನು ತೆಗೆಯಬಹುದು, ರಾಜನನ್ನು ತೆಗೆಯುವ ಸಾಮಾನ್ಯ ದಾರಿ ಯಾವುದೂ ಇಲ್ಲ. 1907ರಲ್ಲಿ ರಾಜನ ಬೆಂಬಲದಿಂದ ಪ್ರಧಾನಿ ಜೊವಾವ್ ಫ್ರಾಂಕೊ ಪಾರ್ಲಿಮೆಂಟನ್ನೇ ಮುಚ್ಚಿ ಹುಕುಮುಗಳ ಮೇಲೆ ಆಡಳಿತ ನಡೆಸಿದ. ದಾರಿಯೇ ಇಲ್ಲದಾಗ ಮಂದಿ ಕೆಟ್ಟ ದಾರಿ ಹಿಡಿಯುತ್ತಾರೆ. 1908ರ ಫೆಬ್ರುವರಿ 1ರಂದು ಲಿಸ್ಬನ್ನಿನ ನಡುಬೀದಿಯಲ್ಲಿ ರಾಜ ಕಾರ್ಲೋಸನನ್ನೂ ಹಿರಿಯ ಮಗನನ್ನೂ ಗುಂಡಿಟ್ಟು ಕೊಂದರು. ಆ ಕೊಲೆಯನ್ನು ಹೊಗಳಲಿಕ್ಕೆ ನಾನು ತಯಾರಿಲ್ಲ. ಗಾದಿ ಏರಿದವನು ಕಿರಿಯ ಮಗ ಮಾನುಯೆಲ್, ವಯಸ್ಸು 18. ಅವನ ತಪ್ಪೇನೂ ಇರಲಿಲ್ಲ, ಅವನ ಯೋಗ್ಯತೆಯನ್ನೂ ಯಾರೂ ನೋಡಿರಲಿಲ್ಲ. ಪೋರ್ತುಗಾಲ, ಅಂಗೋಲಾ, ಮೊಝಾಂಬಿಕ್, ಗೋವೆ ಎಲ್ಲದರ ಭಾರ ಆ ಹುಡುಗನ ಹೆಗಲ ಮೇಲೆ. ಇದರಲ್ಲಿ ಪ್ರಜೆಗಳಿಗಷ್ಟೇ ಅಲ್ಲ, ಆ ಹುಡುಗನಿಗೂ ಅನ್ಯಾಯವೇ ಆಯಿತು.

ಒಳ್ಳೆಯ ಅರಸರ ಮಾತು

ಕಾಕಾ ಬಿಡುವವರಲ್ಲ ಅಂತ ನನಗೆ ಗೊತ್ತು. ಕಿತ್ತೂರ ಚೆನ್ನಮ್ಮ ರಾಣಿಯಲ್ಲವೇ, ಕೊಲ್ಹಾಪುರದ ಶಾಹೂ ಮಹಾರಾಜರು ರಾಜರಲ್ಲವೇ, ಮೈಸೂರಿನ ನಾಲ್ವಡಿಯವರು ಅಣೆಕಟ್ಟು ಕಟ್ಟಿಸಲಿಲ್ಲವೇ ಅಂತ ಕೇಳುತ್ತಾರೆ. ಕೇಳಬೇಕಾದದ್ದೇ. ಗಡಿಭಾಗದ ನಾವು ಚೆನ್ನಮ್ಮನಿಗೆ ಕೈಮುಗಿಯದೆ ಇರುವವರಲ್ಲ. 1902ರಲ್ಲಿ ಹಿಂದುಳಿದವರಿಗೆ ನೌಕರಿಯಲ್ಲಿ ಅರ್ಧದಷ್ಟು ಜಾಗ ಕಾದಿರಿಸಿದ ಶಾಹೂ ಮಹಾರಾಜರನ್ನು ಮರೆಯಲಿಕ್ಕೂ ಆಗದು.

ಆದರೆ ಒಂದು ವಿಚಾರ ಮಾಡಿರಿ. ಚೆನ್ನಮ್ಮನಿಗೆ ನಾವು ಕೈಮುಗಿಯುವುದು ಆಕೆ 1824ರಲ್ಲಿ ಮಾಡಿದ ಹೋರಾಟಕ್ಕೆ, ಯಾರ ಹೊಟ್ಟೆಯಲ್ಲಿ ಹುಟ್ಟಿದಳು ಅನ್ನುವುದಕ್ಕಲ್ಲ. ಆಕೆಯ ಜೊತೆ ನಿಂತ ರಾಯಣ್ಣ ಯಾವ ಅರಸನ ಮಗನೂ ಅಲ್ಲ. ಶಾಹೂ ಮಹಾರಾಜರು ಕೊಲ್ಹಾಪುರದ ಗಾದಿಗೆ ದತ್ತಕವಾಗಿ ಬಂದವರು. ಅಂದರೆ ದೊಡ್ಡತನ ರಕ್ತದಿಂದ ಹರಿದುಬರುವುದಿಲ್ಲ ಎಂಬುದಕ್ಕೆ ಈ ಒಳ್ಳೆಯ ಅರಸರೇ ಸಾಕ್ಷಿ. ಒಳ್ಳೆಯ ಅರಸು ಸಿಗುವುದು ಒಳ್ಳೆಯ ಮಳೆಯಿದ್ದ ಹಾಗೆ. ಬಂದರೆ ಸಂತೋಷ, ಬಾರದಿದ್ದರೆ ಕೇಳುವ ಜಾಗವಿಲ್ಲ. ಮಳೆಯನ್ನು ನಂಬಿ ಹೊಲ ಮಾಡುವ ನಮಗೆ ಬಾವಿ ಯಾಕೆ ಬೇಕು ಅಂತ ಬೇರೆ ಹೇಳಬೇಕೇ? ಮತ ಎಂಬುದು ಆ ಬಾವಿ. ನೀರು ಕೆಲವೊಮ್ಮೆ ಸವುಳು ಇರಬಹುದು, ಆದರೆ ಹಗ್ಗ ನಮ್ಮ ಕೈಯಲ್ಲಿರುತ್ತದೆ.

ಅರಸು ಹೋದ, ಆಮೇಲೆ?

1910ರ ಅಕ್ಟೋಬರ್ 5ರಂದು ಲಿಸ್ಬನ್ನಿನಲ್ಲಿ ಗಣರಾಜ್ಯ ಸಾರಿದರು. ಮಾನುಯೆಲ್ ದೇಶ ಬಿಟ್ಟು ಇಂಗ್ಲೆಂಡ್ ಸೇರಿದ. ಅರಸರ ಕಾಲದ ಸಂವಿಧಾನದಲ್ಲಿ ಕ್ಯಾಥೊಲಿಕ್ ಧರ್ಮವೇ ರಾಜ್ಯದ ಧರ್ಮವಾಗಿತ್ತು. 1911ರ ಏಪ್ರಿಲ್ 20ರ ಕಾಯದೆ ಧರ್ಮವನ್ನೂ ಸರಕಾರವನ್ನೂ ಬೇರೆ ಮಾಡಿತು. ಗೋವೆಯ ಹಿಂದೂಗಳಿಗೆ ಇದರಿಂದ ಉಸಿರು ಬಂತು. ಸರಕಾರಿ ನೌಕರಿಯ ಬಾಗಿಲು ತೆರೆಯಿತು. ಮರಾಠಿ ಶಾಲೆ, ವಾಚನಾಲಯ, ಪತ್ರಿಕೆಗಳು ಒಂದರ ಹಿಂದೆ ಒಂದು ಎದ್ದವು. ಅದೇ 1911ರಲ್ಲಿ ಮಿನೇಜಸ್ ಬ್ರಗಾಂಝಾ ಓ ದೆಬಾತೆ, ಅಂದರೆ ಚರ್ಚೆ, ಎಂಬ ಹೆಸರಿನಲ್ಲಿ ಇನ್ನೊಂದು ಪತ್ರಿಕೆ ಶುರು ಮಾಡಿದರು. ಅರಸನ ಕಾಲ ಮುಗಿದ ಮೇಲೆ ಬೇಕಾಗಿರುವುದು ಚರ್ಚೆಯೇ ಎಂಬುದನ್ನು ಹೆಸರಿನಲ್ಲೇ ಇಟ್ಟರು.

ಆದರೆ ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಮತದ ಹಕ್ಕು ಕೆಲವೇ ಕಲಿತ ಮಂದಿಯ ಕೈಯಲ್ಲಿತ್ತು. ಭಾಟಕಾರನ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡ ಮುಂಡಕಾರನಿಗೆ ಲಿಸ್ಬನ್ನಿನ ರಾಜ ಹೋದದ್ದು ಗೊತ್ತಾಗುವ ಹಾಗೇ ಇರಲಿಲ್ಲ. ಅವನ ರಾಜ ಭಾಟಕಾರನೇ. ಮಿನೇಜಸ್ ಬ್ರಗಾಂಝಾ ಸ್ವತಃ ಭಾಟಕಾರರ ಮನೆಯವರು ಎಂಬುದನ್ನು ಮರೆಮಾಚಿ ಬರೆಯುವುದು ಸರಿಯಲ್ಲ. ಆ ದೊಡ್ಡ ಮನೆಯಲ್ಲಿ ನಿಂತಾಗ ನನ್ನ ಮನಸ್ಸಿಗೆ ಕುಟುಕಿದ್ದೂ ಅದೇ. ಗಾದಿ ವಾರಸಾ ಆಗಬಾರದು ಅಂದವರ ಮನೆಯ ಸುತ್ತ ದುಡಿಯುವವರ ದೈನ್ಯವೂ ವಾರಸಾ ಆಗಿಯೇ ಬರುತ್ತಿತ್ತು. ಆ ಲೆಕ್ಕ ಚುಕ್ತಾ ಆಗಲು ಗೋವೆಯಲ್ಲಿ 1964ರ ಗೇಣಿ ಕಾಯದೆ, 1975ರ ಮುಂಡಕಾರ ಕಾಯದೆ ಬರಬೇಕಾಯಿತು. ನಮ್ಮಲ್ಲಿ ಉಳುವವನೇ ಹೊಲದೊಡೆಯ ಆಗಲಿಕ್ಕೆ 1974ರ ಭೂಸುಧಾರಣೆ ಬರಬೇಕಾದ ಹಾಗೆ. ಅವರು ಬಿತ್ತಿದ ವಾದ ಅವರ ಹೊಸ್ತಿಲು ದಾಟಲು ಅಷ್ಟು ವರ್ಷ ಬೇಕಾಯಿತು.

ಕಿರೀಟವಿಲ್ಲದ ಅರಸು

ಇನ್ನೊಂದು ಪೆಟ್ಟು ಲಿಸ್ಬನ್ನಿನಿಂದಲೇ ಬಂತು. 1926ರ ಮೇ 28ರಂದು ಸೈನ್ಯ ಅಧಿಕಾರ ಹಿಡಿಯಿತು. 1928ರಲ್ಲಿ ಸಾಲಾಝಾರ್ ಎಂಬ ಪ್ರೊಫೆಸರ್ ಹಣಕಾಸಿನ ಮಂತ್ರಿಯಾದ, 1932ರಲ್ಲಿ ಪ್ರಧಾನಿ. ಆಮೇಲೆ 1968ರವರೆಗೆ ಕುರ್ಚಿ ಬಿಡಲಿಲ್ಲ. ಅವನೇನು ಅರಸನ ಮಗನಲ್ಲ, ಹಳ್ಳಿಯ ಸಾಧಾರಣ ಮನೆಯವನು. ದೇಶದ ಹೆಸರೂ ಗಣರಾಜ್ಯವೆಂದೇ ಇತ್ತು. ಆದರೆ ಎದುರು ಪಕ್ಷವಿಲ್ಲ, ಪತ್ರಿಕೆಗೆ ಸೆನ್ಸಾರ್, ಹಿಂದೆ ಪೊಲೀಸ್. ಗೋವೆಯಲ್ಲಿ ಮದುವೆಯ ಆಮಂತ್ರಣಪತ್ರ ಅಚ್ಚು ಹಾಕಿಸಲಿಕ್ಕೂ ಸೆನ್ಸಾರಿನ ಒಪ್ಪಿಗೆ ಬೇಕಿತ್ತು ಅಂತ ಹಳೆಯ ಮಂದಿ ಹೇಳುವುದನ್ನು ನಾವು ಕೇಳಿದ್ದೇವೆ.

1930ರಲ್ಲಿ ವಸಾಹತು ಕಾಯದೆ ಬಂತು. ದೂರದ ನಾಡುಗಳನ್ನು ಇಟ್ಟುಕೊಂಡು ಆಳುವುದು ಪೋರ್ತುಗೀಜ ಜನಾಂಗದ ಹುಟ್ಟುಗುಣ, ಅದರ ಧರ್ಮ ಎಂಬ ಅರ್ಥದ ಮಾತು ಆ ಕಾಯದೆಯಲ್ಲಿತ್ತು. ಇದನ್ನು ನಿಧಾನವಾಗಿ ಓದಿದರೆ ಏನು ಕಾಣುತ್ತದೆ? ಒಬ್ಬ ಮನುಷ್ಯ ಹುಟ್ಟಿನಿಂದ ರಾಜ ಅನ್ನುವುದನ್ನು 1910ರಲ್ಲಿ ತೆಗೆದುಹಾಕಿದರು. ಈಗ ಒಂದು ದೇಶಕ್ಕೆ ದೇಶವೇ ಹುಟ್ಟಿನಿಂದ ರಾಜ, ಇನ್ನೊಂದು ದೇಶ ಹುಟ್ಟಿನಿಂದ ಪ್ರಜೆ ಅಂತ ಬರೆದರು. ಹಳೆಯ ಮಾಲಿಗೆ ಹೊಸ ಚೀಲ, ಅಷ್ಟೇ.

ಮಿನೇಜಸ್ ಬ್ರಗಾಂಝಾ ಆಗ ಗೋವೆಯ ಶಾಸನ ಮಂಡಳಿಯ ಸದಸ್ಯರು. 1930ರ ಜುಲೈನಲ್ಲಿ, ಅದೇ ಕಾಯದೆಯ ವಿರುದ್ಧ, ಪಣಜಿಯ ಸಭೆಯಲ್ಲಿ ಎದ್ದುನಿಂತು ಒಂದು ಗೊತ್ತುವಳಿ ಮಂಡಿಸಿದರು. ತನ್ನ ಹಣೆಬರಹವನ್ನು ತಾನೇ ತೀರ್ಮಾನಿಸಿಕೊಳ್ಳುವ ಹಕ್ಕನ್ನು ಪೋರ್ತುಗೀಜ ಭಾರತ ಬಿಟ್ಟುಕೊಟ್ಟಿಲ್ಲ, ಬಿಟ್ಟುಕೊಡುವುದೂ ಇಲ್ಲ ಎಂಬುದು ಅದರ ತಿರುಳು. 52 ವರ್ಷದ, ದೊಡ್ಡ ಮನೆಯ, ಪೋರ್ತುಗೀಜ ಭಾಷೆಯಲ್ಲಿ ಪಳಗಿದ ಮನುಷ್ಯ, ಪೋರ್ತುಗೀಜ ಅಧಿಕಾರಿಗಳ ಮುಖದ ಮೇಲೆ ಹೇಳಿದ ಮಾತಿದು. ಸುಮ್ಮನಿದ್ದಿದ್ದರೆ ಆಸ್ತಿಯೂ ಭದ್ರ, ಮಾನವೂ ಭದ್ರ.

ನನ್ನ ಲೆಕ್ಕಕ್ಕೆ ಅವರ ಬದುಕಿನ ದೊಡ್ಡ ಕೆಲಸ ಇದೇ. ಅರಸೊತ್ತಿಗೆ ಬೇಡ ಅನ್ನುವವರು ಬಹಳ ಮಂದಿ. ಆದರೆ ರಾಜ ಹೋದ ಕೂಡಲೇ ತಮ್ಮ ಕೆಲಸ ಆಯಿತು ಅಂತ ಕುಳಿತುಬಿಡುತ್ತಾರೆ. ಇವರು ವಾದವನ್ನು ಕೊನೆಯವರೆಗೂ ನಡೆಸಿದರು. ಹುಟ್ಟಿನಿಂದ ಒಬ್ಬನಿಗೆ ಆಳುವ ಹಕ್ಕಿಲ್ಲ ಅಂದಮೇಲೆ ಬಂದೂಕಿನಿಂದ ಕುರ್ಚಿ ಹಿಡಿದವನಿಗೂ ಇಲ್ಲ, ಸಮುದ್ರದಾಚೆಯ ದೇಶಕ್ಕೂ ಇಲ್ಲ. ಆಳಿಸಿಕೊಳ್ಳುವವರ ಒಪ್ಪಿಗೆ ಒಂದೇ ಹಕ್ಕುಪತ್ರ.

1928ರಲ್ಲಿ ಅವರು ಶುರು ಮಾಡಿದ ಪ್ರಕಾಶ ಎಂಬ ಪತ್ರಿಕೆ ಸೆನ್ಸಾರಿನ ಕತ್ತರಿಯ ಕೆಳಗೇ ನಡೆಯಬೇಕಾಯಿತು. 1938ರಲ್ಲಿ ಅವರು ತೀರಿಕೊಂಡಾಗ ಗೋವೆಯ ಬಿಡುಗಡೆ ಕಣ್ಣಳತೆಯಲ್ಲಿಯೂ ಇರಲಿಲ್ಲ.

ಕೇಳಿದ ದಿನ

ಹಚ್ಚಿದ ದೀಪ ಆರಲಿಲ್ಲ. ಅದೇ ಚಾಂದೋರಿನಲ್ಲಿ ಹುಟ್ಟಿದ, ಅವರ ನೆಂಟರೇ ಆದ ತ್ರಿಸ್ತಾಂವ್ ದ ಬ್ರಗಾಂಝಾ ಕುನ್ಹಾ 1928ರಲ್ಲೇ ಗೋವಾ ಕಾಂಗ್ರೆಸ್ ಸಮಿತಿ ಕಟ್ಟಿದ್ದರು. 1946ರ ಜೂನ್ 18ರಂದು ರಾಮಮನೋಹರ ಲೋಹಿಯಾ ಮಡಗಾಂವದಲ್ಲಿ ಸಭೆ ಮಾಡಿ ಕಾನೂನು ಮುರಿದರು. ಆ ಚಳವಳಿಯಲ್ಲಿ ಮಿನೇಜಸ್ ಬ್ರಗಾಂಝಾ ಅವರ ಮಗಳು ಬೆರ್ತಾ ಕೂಡ ಮುಂದೆ ನಿಂತರು. ಕುನ್ಹಾ ಅವರನ್ನು ಪೋರ್ತುಗಾಲದ ಪೆನಿಶ್ ಕೋಟೆಯ ಜೈಲಿಗೆ ಸಾಗಿಸಿದರು. 1955ರ ಆಗಸ್ಟ್ 15ರಂದು ನಮ್ಮ ಕ್ಯಾಸಲ್‌ರಾಕ್ ಕಡೆಯಿಂದಲೂ ಸತ್ಯಾಗ್ರಹಿಗಳು ಗಡಿ ದಾಟಿದರು. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾಯಿತು. ಪಣಜಿಯಲ್ಲಿ 1871ರಿಂದ ವಾಸ್ಕೊ ದ ಗಾಮಾನ ಹೆಸರಿನಲ್ಲಿದ್ದ ಸಂಸ್ಥೆಗೆ ಆಮೇಲೆ ಮಿನೇಜಸ್ ಬ್ರಗಾಂಝಾ ಅವರ ಹೆಸರಿಟ್ಟರು. ರಾಜನ ಹುಕುಮಿನ ಮೇಲೆ ಹಡಗು ಹತ್ತಿ ಬಂದವನ ಹೆಸರು ಹೋಗಿ, ರಾಜ ಬೇಡ ಅಂದವರ ಹೆಸರು ಬಂತು.

ಆದರೆ ಅವರ ವಾದ ಗೆದ್ದ ದಿನ ಯಾವುದು ಅಂತ ಕೇಳಿದರೆ ನಾನು 1967ರ ಜನವರಿ 16 ಅನ್ನುತ್ತೇನೆ. ಗೋವೆ ಮಹಾರಾಷ್ಟ್ರದಲ್ಲಿ ಸೇರಬೇಕೋ, ಬೇರೆಯಾಗಿ ಉಳಿಯಬೇಕೋ ಅಂತ ಅಂದು ಮತ ಹಾಕಿಸಿದರು. ಬೇರೆಯಾಗಿ ಉಳಿಯಬೇಕು ಅಂದವರು 1,72,191. ಸೇರಬೇಕು ಅಂದವರು 1,38,170. ಅಂತರ 34,021. ಯಾರು ಸರಿ, ಯಾರು ತಪ್ಪು ಎಂಬ ತಂಟೆಗೆ ನಾನು ಹೋಗುವುದಿಲ್ಲ. 1791ರಲ್ಲಿ ಫೋಂಡಾದ ರೈತನನ್ನು ಯಾರೂ ಕೇಳಲಿಲ್ಲ, 1878ರಲ್ಲಿ ಆಗರದವನನ್ನು ಕೇಳಲಿಲ್ಲ, 1930ರಲ್ಲಿ ಗೋವೆಯನ್ನೇ ಕೇಳಲಿಲ್ಲ. 1967ರಲ್ಲಿ ಮುಂಡಕಾರನ ಮನೆಯ ಹೆಣ್ಣುಮಗಳನ್ನೂ ಕೇಳಿದರು, ಭಾಟಕಾರನನ್ನೂ ಕೇಳಿದರು, ಇಬ್ಬರಿಗೂ ಒಂದೊಂದೇ ಮತ. ಗಡಿಯಲ್ಲಿರುವ ನಮಗೆ ಇದರ ಬೆಲೆ ಬೇರೆಯವರಿಗಿಂತ ಒಂದು ಗುಂಜಿ ಹೆಚ್ಚೇ ಗೊತ್ತು.

ನಮ್ಮ ಸುತ್ತಲಿನ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಾವಂತವಾಡಿ ಸಂಸ್ಥಾನಗಳೂ ಹೋದವು. 1971ರಲ್ಲಿ ರಾಜಧನವೂ ನಿಂತಿತು. ಆದರೂ ಯಾರ ಮಗ ಅಂತ ನೋಡಿ ವೋಟು ಹಾಕುವ ಚಟ ನಮ್ಮಲ್ಲಿ ಹೋಗಿಲ್ಲ. ಗ್ರಾಮ ಪಂಚಾಯತಿಯಿಂದ ಹಿಡಿದು ಸೊಸೈಟಿಯ ಚೇರ್ಮನ್‌ಗಿರಿಯವರೆಗೆ ಅಪ್ಪನ ಕುರ್ಚಿ ಮಗನಿಗೆ ಅನ್ನುವುದನ್ನು ನಾವೇ ಒಪ್ಪಿಕೊಳ್ಳುತ್ತೇವೆ. ಮಗ ಕೆಲಸಗಾರನಿದ್ದರೆ ಅಡ್ಡಿಯಿಲ್ಲ, ಆರಿಸೋಣ. ಆದರೆ ಅಪ್ಪನ ಹೆಸರಿಗಾಗಿ ಆರಿಸಿದರೆ ಗಾದಿಯನ್ನು ನಾವೇ ಕೈಯಾರೆ ಮತ್ತೆ ಹಾಸಿಕೊಟ್ಟ ಹಾಗೆ.

ಕಾಕಾನಿಗೆ ಇಷ್ಟನ್ನೂ ಹೇಳಿದೆ. ಅವರು ಎಲ್ಲ ಕೇಳಿ, ಹೊಲದ ಮಾತು ಒಪ್ಪಿದೆ, ಬಾವಿಯ ಮಾತೂ ಒಪ್ಪಿದೆ, ಆದರೆ ಹಗ್ಗ ಜಗ್ಗುವವರು ನಿದ್ದೆ ಹೊಡೆದರೆ ಏನು ಮಾಡೋದು ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಮಡಗಾಂವಕ್ಕೆ ಮಾಲು ಹಾಕಲು ಹೋದಾಗ ಒಂದರ್ಧ ದಿನ ತೆಗೆದು ಚಾಂದೋರಿಗೆ ಹೋಗಿ ಬನ್ನಿರಿ. ಮಡಗಾಂವದಿಂದ ಸುಮಾರು 13 ಕಿಲೋಮೀಟರ್, ಬಸ್ಸೂ ಸಿಗುತ್ತದೆ. ತೂಗುದೀಪ ನೋಡಿ ಬೆರಗಾಗಿರಿ, ಬೇಡ ಅನ್ನುವುದಿಲ್ಲ. ಪುಸ್ತಕದ ಕಪಾಟಿನ ಮುಂದೆ ಮಾತ್ರ ಎರಡು ನಿಮಿಷ ಹೆಚ್ಚಿಗೆ ನಿಲ್ಲಿರಿ.